ಮೊಲ, ಕುರಿ ಮತ್ತು ಒಂದು ಬೆಳ್ಳಿ ಹೂಜಿ

ಗಾಲ್ಫ್ ಎಂದ ಕೂಡಲೇ ನಮಗೆ ನೆನಪಾಗುವುದು ಎತ್ತರದ ಕಾಂಪೌಂಡು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಕಾವಲುಗಾರ. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಬಸ್ಸಿನಲ್ಲಿ ಓಡಾಡುವವರಿಗೆ ಅದರ ಗೋಡೆಯ ಪರಿಚಯವಷ್ಟೇ. ಆದರೆ ಈ ಆಟದ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಲೆಕ್ಕವೇ ಉಲ್ಟಾ. ಅಲ್ಲಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನದೂ ಅಲ್ಲ. ಕಡಲ ಪಕ್ಕದ ಮರಳುನೆಲ, ಊರೊಟ್ಟಿನ ಆಸ್ತಿ, ಥೇಟ್ ನಮ್ಮ ಗೋಮಾಳ. ಮೊದಲನೆಯ ಹಾಗೂ ಹದಿನೆಂಟನೆಯ ಹೋಲ್‌ಗಳನ್ನು ಅಡ್ಡ ಸೀಳಿಕೊಂಡು ಒಂದು ಸಾರ್ವಜನಿಕ ರಸ್ತೆ ಬೇರೆ ಹೋಗುತ್ತದೆ.

ಗೋಮಾಳ ಅಂದಮೇಲೆ ತಂಟೆ ತಕರಾರು ಇರಲೇಬೇಕಲ್ಲ. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಮಾಡಿಕೊಂಡ ಕರಾರಿನ ಪ್ರಕಾರ ಮೊಲ ಸಾಕುವ ಹಕ್ಕು ಅವನದು, ಗಾಲ್ಫ್ ಆಡುವ ಹಕ್ಕು ಊರಿನವರದು. 1797ರಲ್ಲಿ ದಿವಾಳಿಯೆದ್ದ ಪುರಸಭೆ ಈ ನೆಲವನ್ನೇ ಕಳೆದುಕೊಂಡಿತು. ಮೊಲದ ವ್ಯಾಪಾರಿಗಳು ಬಂದು ಕೂತರು. ಆಟಗಾರರಿಗೂ ಅವರಿಗೂ ಬಡಿದಾಟ, ಕೋರ್ಟು, ಕಚೇರಿ. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಕೊಂಡುಕೊಂಡದ್ದರಿಂದ ಆಟ ಉಳಿಯಿತು. ಇಲ್ಲಿನ 112 ಬಂಕರ್‌ಗಳಲ್ಲಿ, ಅಂದರೆ ಮರಳುಗುಂಡಿಗಳಲ್ಲಿ, ಎಷ್ಟನ್ನೋ ಮೊದಲು ಮಾಡಿದವು ಗಾಳಿಗೆ ಹೆದರಿ ಮುದುರಿ ಕೂತ ಕುರಿಗಳಂತೆ. ಇಂದಿನ ಕೋರ್ಸ್ ವಿನ್ಯಾಸಕರ ಫೀಸು ನೆನೆದರೆ ಕುರಿಗಳ ಮೇಲೆ ಗೌರವ ಹುಟ್ಟುತ್ತದೆ.

ಗಾಲ್ಫಿನ ಹೆಸರಾಂತ ಓಪನ್ ಪಂದ್ಯ ಶುರುವಾದದ್ದು ಮಾತ್ರ ಇಲ್ಲಲ್ಲ, 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ, ಎಂಟೇ ಜನ ಆಟಗಾರರಿಂದ. ಬಹುಮಾನ ಕೆಂಪು ತೊಗಲಿನ ಒಂದು ಬೆಲ್ಟು. ಟಾಮ್ ಮಾರಿಸ್ ಎಂಬ ಹಿರಿಯ ಆಟಗಾರನ ಮಗ, ಇನ್ನೊಬ್ಬ ಟಾಮ್ ಮಾರಿಸ್, ಸತತ ಮೂರು ಸಲ ಗೆದ್ದು 1870ರಲ್ಲಿ ಅದನ್ನು ಮನೆಗೇ ಒಯ್ದ. ನಿಯಮವೇ ಹಾಗಿತ್ತು. ಕೊಡಲು ಏನೂ ಇಲ್ಲದೆ ಮರುವರ್ಷ ಪಂದ್ಯವೇ ನಡೆಯಲಿಲ್ಲ! ಆಮೇಲೆ ಮೂರು ಕ್ಲಬ್ಬುಗಳು ಹಣ ಕೂಡಿಸಿ ಬೆಳ್ಳಿಯ ಹೂಜಿ ಮಾಡಿಸಿದವು, ಅದೇ ಕ್ಲಾರೆಟ್ ಜಗ್. 1872ರಲ್ಲಿ ಗೆದ್ದವನೂ ಅದೇ ಹುಡುಗ, ಆದರೆ ಹೂಜಿ ಇನ್ನೂ ತಯಾರಾಗಿರಲಿಲ್ಲ. ಅದನ್ನು ಮೊದಲು ಕೈಯಲ್ಲಿ ಹಿಡಿದವನು 1873ರಲ್ಲಿ, ಸೇಂಟ್ ಆಂಡ್ರ್ಯೂಸ್‌ನ ಮೊತ್ತಮೊದಲ ಓಪನ್ನಿನಲ್ಲಿ, ಮಳೆನೀರು ನಿಂತ ನೆಲದ ಮೇಲೆ 179 ಹೊಡೆತಗಳಲ್ಲಿ ಗೆದ್ದ ಟಾಮ್ ಕಿಡ್.

2022ರವರೆಗೆ ಇಲ್ಲಿ 30 ಓಪನ್‌ಗಳು ನಡೆದಿವೆ. ಗೆದ್ದವರಿಗಿಂತ ಪೆಟ್ಟು ತಿಂದವರ ಕಥೆಯೇ ನನಗೆ ರುಚಿ. 1921ರಲ್ಲಿ ಹತ್ತೊಂಬತ್ತರ ಬಾಬಿ ಜೋನ್ಸ್ ಹನ್ನೊಂದನೆಯ ಹೋಲ್‌ನ ಬಂಕರಿನಲ್ಲಿ ಒದ್ದಾಡಿ, ಸಿಟ್ಟಿಗೆದ್ದು ಆಟವನ್ನೇ ಬಿಟ್ಟ. 1927ರಲ್ಲಿ ಬಂದು ಗೆದ್ದ. 1958ರಲ್ಲಿ ಊರು ಅವನಿಗೆ ಗೌರವ ಪೌರತ್ವ ಕೊಟ್ಟಿತು. ಅಮೆರಿಕದವರಲ್ಲಿ ಅವನಿಗಿಂತ ಮೊದಲು ಅದು ಸಿಕ್ಕಿದ್ದು ಬೆಂಜಮಿನ್ ಫ್ರಾಂಕ್ಲಿನ್‌ಗೆ! 1978ರಲ್ಲಿ ಜಪಾನಿನ ನಕಾಜಿಮಾ ಹದಿನೇಳನೆಯ ಹೋಲ್‌ನಲ್ಲಿ ಎರಡೇ ಹೊಡೆತಕ್ಕೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ತಲುಪಿದ, ಮೆಲ್ಲನೆ ಉರುಳಿಸುವ ಹೊಡೆತವಾದ ಪಟ್ ಮಾಡಹೋಗಿ ಚೆಂಡನ್ನು ಬಂಕರಿಗೆ ಕೆಡವಿದ. ಹೊರಬರಲು ನಾಲ್ಕು ಹೊಡೆತ, ಒಟ್ಟು ಒಂಬತ್ತು. ಆ ಗುಂಡಿಗೆ ಅವನ ಹೆಸರೇ ಅಂಟಿಕೊಂಡಿತು. 2000ದಲ್ಲಿ ಟೈಗರ್ ವುಡ್ಸ್ ನಾಲ್ಕೂ ದಿನ ಒಂದೇ ಒಂದು ಬಂಕರಿಗೆ ಇಳಿಯದೆ ಗೆದ್ದ. ಅದ್ಭುತವೇ, ಆದರೆ ಹರಟೆಗೆ ಅದರಲ್ಲಿ ಏನಿದೆ?

ಡಗ್ ಸ್ಯಾಂಡರ್ಸ್‌ನದು ನೋಡಿ. 1970, ಕೊನೆಯ ಹೋಲ್, ಮೂರಡಿಯೊಳಗಿನ ಪಟ್. ಹೋದರೆ ಹೂಜಿ ಅವನದು. ನಿಂತ. ಚೆಂಡಿನ ದಾರಿಯಲ್ಲಿ ಏನೋ ಕಂಡಿತು, ಬಗ್ಗಿ ತೆಗೆಯಹೋದ. ಅದು ಒಣಗಿದ ಹುಲ್ಲು. ಸರಿಯಾಗಿ ನಿಂತು ಮತ್ತೆ ಶುರು ಮಾಡುವ ಬದಲು ಹಾಗೆಯೇ ಹೊಡೆದ, ಬಲಕ್ಕೆ ತಪ್ಪಿತು. ಪಂದ್ಯ ಸಮವಾಯಿತು, ಮರುದಿನದ ಪ್ಲೇಆಫ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಎದುರಾಳಿ ಜ್ಯಾಕ್ ನಿಕ್ಲಾಸ್ ಗೆದ್ದ.

ಹೊರಗಿನವರು ಇಲ್ಲಿ ಒಂದು ಸುತ್ತು ಆಡಲು ಬೇಸಿಗೆಯಲ್ಲಿ 300 ಪೌಂಡಿಗೂ ಹೆಚ್ಚು ತೆರಬೇಕು, ಲಾಟರಿಯಲ್ಲಿ ಹೆಸರೂ ಬರಬೇಕು. ಸುಮ್ಮನೆ ನಡೆದಾಡಲು ಮಾತ್ರ ದುಡ್ಡಿಲ್ಲ. ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ, ಊರಿನವರೂ ಅವರ ನಾಯಿಗಳೂ ಆರಾಮಾಗಿ ಸುತ್ತಾಡುತ್ತಾರೆ. ಓಪನ್ನಿನ ಕೊನೆಯ ಸುತ್ತು ಈಗ ಬೀಳುವುದೇ ಭಾನುವಾರ. ಆ ವಾರ ನಾಯಿಗಳು ಬೇರೆ ದಾರಿ ನೋಡಿಕೊಳ್ಳಬೇಕು.