ಒಂಟಿ ಹಳಿಯ ಪಾಠ

ನನ್ನ ಊರು ಕ್ಯಾಸಲ್‌ರಾಕ್. ಹೆಸರು ಕೇಳಿ ಕೋಟೆಯನ್ನು ಹುಡುಕಿಕೊಂಡು ಬಂದವರಿಗೆ ಅಲ್ಲಿ ಸಿಕ್ಕುವುದು ಮಳೆ, ಮಂಜು, ಕಾಡು, ಮತ್ತು ಒಂದು ರೇಲ್ವೆ ಸ್ಟೇಶನ್ನು. ಗೋವೆ ಪೋರ್ತುಗೀಜರ ಕೈಯಲ್ಲಿದ್ದಷ್ಟು ಕಾಲ, ಅಂದರೆ 1961ರ ವರೆಗೆ, ನಮ್ಮದು ಗಡಿಯ ಸ್ಟೇಶನ್ನು. ಅಲ್ಲಿಂದ ಕುಳೆಂವರೆಗಿನ ಘಟ್ಟದ ಹಾದಿಯಲ್ಲಿ 37 ಅಡಿ ಸಾಗಿದರೆ ಒಂದಡಿ ಏರು. ಮೇಲೆ ಬರುವ ಗಾಡಿಯನ್ನು ಹಿಂದಿನಿಂದ ಒತ್ತಲು ಬೇರೆ ಇಂಜಿನುಗಳೇ ಬೇಕು. ನನ್ನ ಅಜ್ಜ ರೇಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಊಟವಾದ ಮೇಲೆ ಅವರು ಹೇಳುತ್ತಿದ್ದುದೆಲ್ಲ ಹಳಿ, ಹಸಿರು ಬಾವುಟ, ಟೋಕನ್ನಿನ ಕಥೆಗಳೇ. ಆ ಕಥೆಗಳನ್ನು ಅರ್ಧ ಕಿವಿಯಿಂದ ಕೇಳಿದ್ದರ ಫಲವನ್ನು ಕಾಲೇಜಿಗೆ ಬಂದ ಮೇಲೆ ಉಂಡೆ.

ನಮ್ಮ ಕಾಲೇಜಿನಲ್ಲಿ ಎರಡು ಸರ್ವರ್ ಯಂತ್ರಗಳಿವೆ. ಒಂದು ಗ್ರಂಥಾಲಯದಲ್ಲಿ, ಇನ್ನೊಂದು ಗಣಕಯಂತ್ರದ ಕೋಣೆಯಲ್ಲಿ. ವಿದ್ಯಾರ್ಥಿಗಳ ಗಣಕಯಂತ್ರಗಳಿಗೆ ಸ್ವಂತ ಡಿಸ್ಕು ಇಲ್ಲವೆಂದೇ ಹೇಳಬಹುದು. ಸರ್ವರಿನ ಡಿಸ್ಕಿನ ತುಂಡುಗಳು ತಂತಿಯ ಮೂಲಕ ಅವಕ್ಕೆ ಒದಗುತ್ತವೆ. ಈ ಏರ್ಪಾಡಿಗೆ ಐಸ್ಕಸಿ ಎಂದು ಹೆಸರು. ಒಂದು ಸರ್ವರಿನಲ್ಲಿ ಬರೆದುದನ್ನು ಡಿಆರ್‌ಬಿಡಿ ಎಂಬ ತಂತ್ರಾಂಶ ಇನ್ನೊಂದರಲ್ಲಿಯೂ ಬರೆಯುತ್ತದೆ. 2010ರಲ್ಲಿ ಅದು ಲಿನಕ್ಸಿನ ಒಳಗೇ ಸೇರಿಕೊಂಡಿತು. ಒಂದು ಯಂತ್ರ ಸತ್ತರೆ ಇನ್ನೊಂದು ಅದೇ ವಿಳಾಸವನ್ನು ಹೊತ್ತು ಕೆಲಸ ಮುಂದುವರಿಸಬೇಕು. ಕಲಾ ವಿಭಾಗದವನಾದರೂ ಹುಚ್ಚಿನಿಂದ ಇದನ್ನೆಲ್ಲ ಕಲಿತು, ನಾನು ಮೇಷ್ಟರ ಬಲಗೈಯಾಗಿದ್ದೆ. ಸ್ವಲ್ಪ ಗರ್ವವೂ ಇತ್ತು.

ಒಂದು ಸಂಜೆ ಗಣಕಕೋಣೆಯ ಪರದೆಗಳೆಲ್ಲ ಸ್ತಬ್ಧವಾದವು. ಗ್ರಂಥಾಲಯದ ಸರ್ವರಿಗೆ ಎಷ್ಟು ಕರೆದರೂ ಉತ್ತರವಿಲ್ಲ. ಸಂಪರ್ಕ ಕಡಿದ ಕೂಡಲೇ ಕೈಬಿಡದೆ, ನಮ್ಮ ಗಣಕಯಂತ್ರಗಳು ಬರೆಯಬೇಕಾದುದನ್ನು ಹಿಡಿದುಕೊಂಡು 120 ಸೆಕೆಂಡು ಕಾಯುತ್ತವೆ. ಯಂತ್ರಕ್ಕಿದ್ದ ಅಷ್ಟು ತಾಳ್ಮೆ ನನಗಿರಲಿಲ್ಲ. "ಅದು ಸತ್ತಿದೆ" ಎಂದು ತೀರ್ಪುಕೊಟ್ಟು, ಬೇಡವೆಂದು ಎಚ್ಚರಿಸಿದ ಯಂತ್ರವನ್ನೂ ಬಲವಂತಪಡಿಸಿ, ನಮ್ಮ ಕೋಣೆಯ ಸರ್ವರನ್ನು ಯಜಮಾನನನ್ನಾಗಿ ಮಾಡಿದೆ. ಪರದೆಗಳು ಜೀವಂತವಾದವು. ಗೆಳೆಯರು ಚಪ್ಪಾಳೆ ತಟ್ಟಿದರು.

ಆದರೆ ಗ್ರಂಥಾಲಯದ ಸರ್ವರು ಸತ್ತಿರಲಿಲ್ಲ. ಎರಡು ಕಟ್ಟಡಗಳ ನಡುವಣ ತಂತಿಯನ್ನು ಮಂಗಗಳು ಜಗ್ಗಿ ಹರಿದಿದ್ದವು, ಅಷ್ಟೆ. ಆ ಕಡೆಯವರು ಅದರಲ್ಲಿಯೇ ಬರೆಯುತ್ತಿದ್ದರು, ಈ ಕಡೆಯವರು ಇದರಲ್ಲಿ. ಒಂದೇ ಮನೆಗೆ ಇಬ್ಬರು ಯಜಮಾನರು! ಮರುದಿನ ತಂತಿ ಜೋಡಿಸಿದಾಗ ಎರಡು ಯಂತ್ರಗಳೂ ಮುಖ ತಿರುಗಿಸಿಕೊಂಡು ನಿಂತವು. ಒಂದರ ಬರಹವನ್ನು ಅಳಿಸದೆ ಅವು ಕೂಡುವಂತಿರಲಿಲ್ಲ. ಅಳಿಸುವ ಮೊದಲು ಎರಡೂ ಕಡೆಯದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕಿತ್ತು. ನಾನು ಅವಸರದಲ್ಲಿ, "ಸಂಜೆ ಗ್ರಂಥಾಲಯದಲ್ಲಿ ಯಾರಿರುತ್ತಾರೆ?" ಎಂದುಕೊಂಡು, ಆ ಕಡೆಯದನ್ನು ಅಳಿಸಿಬಿಟ್ಟೆ.

ಅಲ್ಲಿ ನನ್ನ ಸಹಪಾಠಿಯೊಬ್ಬಳು ಇದ್ದಳು. ಜೋಯಿಡಾ ಕಾಡಿನ ಕುಣಬಿ ಅಜ್ಜಿಯೊಬ್ಬರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬಂದು, ಅಂದು ಸಂಜೆ ತುಂಬಿಸಿ, ಕ್ಷೇಮವಾಯಿತೆಂದು ತನ್ನ ಫೋನಿನಿಂದ ತೆಗೆದುಹಾಕಿದ್ದಳು. ಅಜ್ಜಿ ಆ ಮಳೆಗಾಲದಲ್ಲಿಯೇ ತೀರಿಕೊಂಡರು.

ಊರಿಗೆ ಹೋದಾಗ ಅಜ್ಜನಿಗೆ ಎಲ್ಲವನ್ನೂ ಹೇಳಿಕೊಂಡೆ. ಗಣಕಯಂತ್ರದ ಗಂಧವಿಲ್ಲದ ಅವರು ಸಮಾಧಾನದಿಂದ ಕೇಳಿ, "ಮುಂದಿನ ಸ್ಟೇಶನ್ ಮಾತಾಡಲಿಲ್ಲ ಅಂದ್ರ ಹಳಿ ಖಾಲಿ ಐತಿ ಅಂತ ತಿಳ್ಕೊಂಡಿ ಏನೋ ತಮ್ಮಾ?" ಎಂದರು.

ಒಂಟಿ ಹಳಿಯಲ್ಲಿ ಎರಡು ಸ್ಟೇಶನ್ನುಗಳ ನಡುವಣ ದಾರಿಗೆ ಬ್ಲಾಕ್ ಎನ್ನುತ್ತಾರೆ. ಡಿಸ್ಕಿನ ತುಂಡಿಗೂ ಅದೇ ಹೆಸರು. ಟೋಕನ್ನು ಕೈಗೆ ಬಾರದೆ ಚಾಲಕ ಗಾಡಿ ಬಿಡುವಂತಿರಲಿಲ್ಲ. ಟೋಕನ್ನಿನ ಯಂತ್ರ ಕೆಟ್ಟರೆ ಊಹೆಯ ಮೇಲೆ ಬಾವುಟ ತೋರಿಸುತ್ತಿರಲಿಲ್ಲ. ಬೇರೆ ದಾರಿಯಿಂದ ವಿಚಾರಿಸಿ, ಕಾಗದದಲ್ಲಿ ಬರೆದುಕೊಟ್ಟ ಅನುಮತಿಯ ಮೇಲೆ ಗಾಡಿ ಬಿಡುತ್ತಿದ್ದರು. ತಡವಾದರೆ ಪ್ರಯಾಣಿಕರು ಬೈಯುತ್ತಾರೆ. ಬೈಯಲು ಅವರಾದರೂ ಉಳಿದಿರುತ್ತಾರೆ.

ಆ ಮೇಲೆ ಮೇಷ್ಟರೂ ನಾನೂ ಏರ್ಪಾಡನ್ನು ತಿದ್ದಿದೆವು. ಕಛೇರಿಯಲ್ಲಿ ಮೂರನೆಯ ಸಣ್ಣ ಯಂತ್ರವೊಂದನ್ನು ಸಾಕ್ಷಿಯಾಗಿ ಕೂರಿಸಿದೆವು. ಮೂವರಲ್ಲಿ ಇಬ್ಬರ ಒಪ್ಪಿಗೆಯಿಲ್ಲದೆ ಯಾರೂ ಯಜಮಾನರಾಗುವಂತಿಲ್ಲ. ಒಂಟಿಯಾಗಿ ಉಳಿದದ್ದು ತಾನಾಗಿಯೇ ಬರೆಯುವುದನ್ನು ನಿಲ್ಲಿಸಬೇಕು. ಅಲ್ಲದೆ, ಅವಳಿ ಡಿಸ್ಕು ನಕಲುಪ್ರತಿಯಲ್ಲ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ ಎಂದು ಮನಗಂಡು, ದಿನವೂ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದಿಡುತ್ತೇವೆ.

ಸಹಪಾಠಿಯ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆ ಮೌನಕ್ಕೆ ಅರ್ಥ ಕಟ್ಟುವ ಧೈರ್ಯ ಈ ಸಲ ನನಗಾಗಲಿಲ್ಲ; ಕಾದೆ. ಕೊನೆಗೆ ನೆನಪಿದ್ದ ನಾಲ್ಕು ಹಾಡುಗಳ ಮಾತುಗಳನ್ನು ಅವಳು ಹೇಳಿದಳು, ನಾನು ಬರೆದುಕೊಂಡೆ. ಅಜ್ಜಿಯ ಧ್ವನಿ ಮಾತ್ರ ಹೋಗಿಯೇ ಹೋಯಿತು.

ಮೂರನೆಯ ಯಂತ್ರದ ಸುದ್ದಿ ಕೇಳಿ ಅಜ್ಜ ತಲೆಯಾಡಿಸಿ, "ಹಾಂ, ಈಗ ಗಾಡಿ ಬಿಡು" ಎಂದರು.