ಎರಡು ವಯಸ್ಸಿನ ಜಾವಾ

ವಯಸ್ಸು ವಿಚಾರಿಸುವುದು ನನ್ನ ಹೊಟ್ಟೆಪಾಡು. ಮನುಷ್ಯರದ್ದಲ್ಲ, ಸರ್ವರುಗಳಲ್ಲಿ ಬೀಡುಬಿಟ್ಟಿರುವ ಜಾವಾ, ಪೈಥಾನ್, ಪರ್ಲ್‌ಗಳದ್ದು. ಹೊಸ ತಂತ್ರಾಂಶ ಹಾಕುವ ಮೊದಲು ನನ್ನದೊಂದು ಶೆಲ್ ಸ್ಕ್ರಿಪ್ಟ್ ಹೋಗಿ ‘ನಿನ್ನದು ಎಷ್ಟನೇ ವರ್ಷನ್ನಪ್ಪಾ?’ ಎಂದು ಕೇಳುತ್ತದೆ. ಹಳತಾಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಎರಡು ಸಾಲಿನ ಕೆಲಸ ಎಂದು ಮೇಲಿನವರ ನಂಬಿಕೆ.

ಕೇಳುವುದರಲ್ಲೇ ತಕರಾರು ಶುರು. ಪೈಥಾನಿಗೆ ಎರಡು ಅಡ್ಡಗೆರೆ ಎಳೆದು ವರ್ಷನ್ ಎನ್ನಬೇಕು, ಹಳೆಯ ಜಾವಾಕ್ಕೆ ಒಂದೇ ಗೆರೆ, ‘ಗೋ’ ಭಾಷೆಗೆ ಗೆರೆಯೇ ಬೇಡ. ಜಾವಾ ಉತ್ತರವನ್ನೇನೋ ಕೊಡುತ್ತದೆ, ಆದರೆ ದೋಷಗಳು ಹರಿದುಹೋಗುವ ಸ್ಟ್ಯಾಂಡರ್ಡ್ ಎರರ್ ಎಂಬ ಮೋರಿಗೆ. ಪರದೆಯ ಮುಂದೆ ಕೂತವರಿಗೆ ಸರಿಯಾದ ದಾರಿಯೂ ಈ ಮೋರಿಯೂ ಒಂದೇ ಥರ ಕಾಣುತ್ತವೆ. ಪೈಪಿನಾಚೆ ಕಾದು ಕೂತ ಗ್ರೆಪ್‌ಗೆ ಮಾತ್ರ ಏನೂ ಸಿಕ್ಕುವುದಿಲ್ಲ. ಅದಕ್ಕೇ ಸಾಲಿನ ಕೊನೆಗೆ 2>&1 ಅಂಟಿಸುವುದು. ಪೈಥಾನಿಗೂ ಇದೇ ಚಾಳಿ ಇತ್ತು, 3.4ರಲ್ಲಿ ಬಿಟ್ಟಿತು. ಜಾವಾ 9ರಿಂದ ಎರಡು ಗೆರೆ ಎಳೆದು ಕೇಳಿದರೆ ಸರಿಯಾದ ದಾರಿಯಲ್ಲೇ ಹೇಳುತ್ತದೆ. ಒಂದೇ ಗೆರೆಗೆ ಇಂದಿಗೂ ಹಳೇ ಮೋರಿಯೇ.

ಇನ್ನು ಉತ್ತರದ ಸಂಗತಿ. ನಮ್ಮಪ್ಪನಿಗೆ ಎರಡು ವಯಸ್ಸು. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡದ್ದು ಜೂನ್ 1; ಅಜ್ಜಿಯ ಪ್ರಕಾರ ಹುಟ್ಟಿದ್ದು ಶ್ರಾವಣದ ಜಡಿಮಳೆಯಲ್ಲಿ. ಪಿಂಚಣಿಗೆ ಒಂದು, ಹೋಳಿಗೆಗೆ ಇನ್ನೊಂದು. ಜಾವಾದ್ದೂ ಅದೇ ಹಣೆಬರಹ. 1996ರಲ್ಲಿ 1.0 ಎಂದು ಹುಟ್ಟಿದ ಭಾಷೆ 1.2ಕ್ಕೆ ಬಂದಾಗ ಸನ್ ಕಂಪನಿ ಅದನ್ನು ‘ಜಾವಾ 2’ ಎಂದು ಮೆರೆಸಿತು. 2004ರಲ್ಲಿ 1.5 ಬಂದಾಗ ಮುಂದಿನ ಒಂದನ್ನು ಕಿತ್ತು ‘ಜಾವಾ 5’ ಎಂದರು. ಹೆಸರು ಬದಲಾದದ್ದು ಪೆಟ್ಟಿಗೆಯ ಮೇಲೆ ಅಷ್ಟೇ. ಕಮಾಂಡ್ ಲೈನಿನಲ್ಲಿ ಕೇಳಿದರೆ ಅದು 1.5.0 ಎಂದೇ ಹೇಳುತ್ತಿತ್ತು, 2014ರ ಜಾವಾ 8 ಕೂಡ 1.8.0 ಎಂದೇ. ನಾವೆಲ್ಲ ಚುಕ್ಕಿ ದಾಟಿ ಎರಡನೆಯ ಅಂಕಿ ಓದುವುದನ್ನು ಸ್ಕ್ರಿಪ್ಟುಗಳಿಗೆ ಕಲಿಸಿದೆವು. 2017ರಲ್ಲಿ ಜಾವಾ 9 ಆ ಒಂದನ್ನು ಒಳಗಿಂದಲೂ ಕಿತ್ತುಹಾಕಿತು. ಆಮೇಲೆ 11.0.2 ಎಂಬ ಪ್ರಾಯದ ಜಾವಾವನ್ನು ನೋಡಿ ಹಳೇ ಸ್ಕ್ರಿಪ್ಟುಗಳು ‘ಸೊನ್ನೆ, ತೀರಾ ಹಳತು’ ಎಂದು ಬಾಗಿಲು ಹಾಕತೊಡಗಿದವು. ಮಾರಾಟದವರ ಕೈಗೆ ಅಂಕಿ ಕೊಡಬಾರದೆಂಬ ನನ್ನ ಹಠ ಗಟ್ಟಿಯಾದದ್ದು ಆಗಲೇ.

ಪೈಥಾನಿನಲ್ಲಿ ಮಾರಾಟದವರ ಕಾಟವಿಲ್ಲ, ಅಲ್ಲಿ ಅಂಕಗಣಿತವೇ ಕಾಡುತ್ತದೆ. 2021ರ ಅಕ್ಟೋಬರಿನಲ್ಲಿ 3.10 ಬಂತು. ಅಕ್ಷರಗಳಂತೆ ಹೋಲಿಸುವ ಸ್ಕ್ರಿಪ್ಟಿಗೆ ಅದು 3.9ಕ್ಕಿಂತ ಚಿಕ್ಕದು; ಮೊದಲ ಮೂರು ಅಕ್ಷರ ಮಾತ್ರ ಕತ್ತರಿಸಿಕೊಳ್ಳುವುದಕ್ಕೆ ಬರೀ 3.1.

ಹಾಗಾಗಿ ಈಗ ಅಂಕಿ ಕೇಳುವುದನ್ನೇ ಕಡಿಮೆ ಮಾಡಿದ್ದೇನೆ. ಮನುಷ್ಯರು ಓದಲೆಂದು ಬರೆದ ಸಾಲನ್ನು ಯಂತ್ರ ಸೀಳಿ ಅರ್ಥಮಾಡಿಕೊಳ್ಳಲಿ ಎಂಬುದೇ ದುರಾಸೆ. ಪೈಥಾನಿಗೇ ಒಂದು ಪುಟ್ಟ ಸಾಲು ಕೊಟ್ಟು ‘ನೀನು 3.10 ಅಥವಾ ಮೇಲಿನದಾದರೆ ಸೊನ್ನೆ ಕೊಟ್ಟು ಹೊರಡು, ಇಲ್ಲವಾದರೆ ಒಂದು’ ಎನ್ನುತ್ತೇನೆ. ಪರ್ಲ್ ಅಜ್ಜನಿಗೆ ಅದೂ ಬೇಡ: ಬೇಕಾದ ವರ್ಷನ್ನನ್ನು ಪ್ರೋಗ್ರಾಮಿನ ನೆತ್ತಿಯ ಮೇಲೆ ಬರೆದರೆ, ಅದಕ್ಕಿಂತ ಹಳತಾಗಿದ್ದಲ್ಲಿ ತಾನೇ ಮುಷ್ಕರ ಹೂಡುತ್ತಾನೆ. ಸಾಲು ಸೀಳುವ ಕಸರತ್ತು ನನ್ನ ಸ್ಕ್ರಿಪ್ಟಿನಲ್ಲಿ ಜಾವಾ ಒಂದಕ್ಕೇ ಉಳಿದಿದೆ. ಜಾವಾ 8ನ್ನು ಬಿಡಲೊಲ್ಲದ ಕಚೇರಿಗಳು ಇರುವವರೆಗೂ ಅದನ್ನು ತೆಗೆಯುವಂತಿಲ್ಲ.