ಕಿರಣದ ಗಾಯಕ್ಕೆ ಕಾಡಿನ ಮದ್ದು



ಮಂಡಗದ್ದೆಯ ಸೀಮೆಯಲ್ಲಿ ಹೊಟ್ಟೆಯ ಬೇನೆಗೆ ಮದ್ದನ್ನು ಅರಸಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಬೇಲಿಯ ಮಗ್ಗುಲಲ್ಲಿ ಕೊಡಸಿಗೆಯ ಕುಡಿ, ಹಿತ್ತಿಲಿನಲ್ಲಿ ದಾಳಿಂಬೆಯ ಚಿಗುರು, ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ, ಗುಡಿಯ ಅಂಗಳದಲ್ಲಿ ಬಿಲ್ವ. ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಮೆಣಸಿನೊಡನೆ ಅರೆದು, ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿ ಸಿದ್ಧವಾಯಿತು. ಉಣ್ಣುವುದೂ ಅದೇ, ಔಷಧವೂ ಅದೇ. ಈ ತಿಳಿವಳಿಕೆಯನ್ನು ನಮಗೆ ಬಿಟ್ಟುಹೋದ ಹಿರಿಯರಿಗೆ ನಾವು ಋಣಿಗಳು. ಆದರೆ ಆ ಹಿರಿಯರು ಕಾಣದಿದ್ದ ಒಂದು ವ್ಯಾಧಿ ಇಂದು ಹಳ್ಳಿಯ ಮನೆಗಳಿಗೂ ಬಂದಿದೆ. ಅರ್ಬುದ ರೋಗವನ್ನು ಸುಡಲೆಂದು ಕೊಡುವ ವಿಕಿರಣವು ನೆರೆಯಲ್ಲಿರುವ ಕರುಳನ್ನೂ ಸುಡುವುದೇ ಆ ವ್ಯಾಧಿ. ಇದಕ್ಕೆ ಗಿಡಮೂಲಿಕೆಯಲ್ಲಿ ಪರಿಹಾರವುಂಟೇ? ಈ ಪ್ರಶ್ನೆ ನಮ್ಮ ಮನೆಯನ್ನೇ ಹೊಕ್ಕಿತ್ತಾದ್ದರಿಂದ, ನಾನು ಕಂಡು ಕೇಳಿ ಓದಿ ತಿಳಿದುದನ್ನು ತಮ್ಮಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನನ್ನ ಹಿರಿಯಕ್ಕನಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಎಂದು ನಿರ್ಣಯವಾದಾಗ ವೈದ್ಯರು ಐದು ವಾರಗಳಲ್ಲಿ ೨೫ ಸಲ ಹೊರಗಿನಿಂದ ಕಿರಣವನ್ನೂ, ಅನಂತರ ಕೆಲವು ಸಲ ಒಳಗಿನಿಂದ ಕೊಡುವ ಕಿರಣವನ್ನೂ ವಿಧಿಸಿದರು. ಮೂರನೆಯ ವಾರ ಭೇದಿ ತೊಡಗಿತು. ಅನ್ನ ಸೇರದು, ರಾತ್ರಿ ನಿದ್ರೆಯಿಲ್ಲ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ನೋಡಬಂದ ಬಂಧುಗಳೆಲ್ಲರ ಮಾತೂ ಒಂದೇ: "ಈ ಬೆಂಕಿಯನ್ನು ನಿಲ್ಲಿಸಿ, ಬೇರು ತೊಗಟೆಯ ಔಷಧ ಹಿಡಿಯಿರಿ." ಆನಂದಪುರದ ಬಳಿಯ ನರಸೀಪುರಕ್ಕೆ ಕರೆದೊಯ್ಯಿರೆಂದು ಕೆಲವರು ಒತ್ತಾಯಿಸಿದರು. ಅಲ್ಲಿ ವೈದ್ಯ ನಾರಾಯಣಮೂರ್ತಿಯವರು ೨೦೨೦ರಲ್ಲಿ ತೀರಿಕೊಳ್ಳುವವರೆಗೂ ಗುರುವಾರ ಭಾನುವಾರಗಳಂದು ಔಷಧ ಕೊಡುತ್ತಿದ್ದುದನ್ನೂ, ದೇಶದ ಮೂಲೆಮೂಲೆಗಳಿಂದ ಬಂದವರು ಹಿಂದಿನ ರಾತ್ರಿಯಿಂದಲೇ ಸಾಲುಗಟ್ಟುತ್ತಿದ್ದುದನ್ನೂ ನಮ್ಮ ಜಿಲ್ಲೆಯವರೆಲ್ಲ ಬಲ್ಲರು. ಆ ಸಾಲು ರೋಗಿಗಳ ಆಸೆ ಎಷ್ಟು ದೊಡ್ಡದೆಂಬುದನ್ನು ಹೇಳುತ್ತಿತ್ತು. ಎಷ್ಟು ಜನ ಗುಣಹೊಂದಿದರೆಂಬುದನ್ನು ಸಾಲಿನ ಉದ್ದದಿಂದ ಅಳೆಯಲಾಗದು. ಅದಕ್ಕೆ ಬೇರೆಯೇ ಲೆಕ್ಕ ಬೇಕಾಗುತ್ತದೆ.

ನಮ್ಮೂರಿನ ಕಡೆ ಮೂರು ತಲೆಮಾರಿನಿಂದ ನಾಟಿವೈದ್ಯ ಮಾಡುವ ವೃದ್ಧ ಪಂಡಿತರೊಬ್ಬರಿದ್ದರು. ಅಕ್ಕ ಅವರನ್ನೇ ಕೇಳಿದಳು: "ಪಂಡಿತರೇ, ಕೊಡಸಿಗೆಯ ತೊಗಟೆಯ ಕಷಾಯ ಕೊಡಿ, ಕಿರಣವನ್ನು ಬಿಟ್ಟುಬಿಡುತ್ತೇನೆ." ಅವರು ನಾಡಿ ನೋಡಿ ಹೇಳಿದರು: "ತಾಯೀ, ಅತಿಸಾರಕ್ಕೆ ನನ್ನಲ್ಲಿ ಕಷಾಯವಿದೆ. ಆದರೆ ನಿನ್ನದು ನನ್ನ ಅಜ್ಜ ಕಂಡ ಅತಿಸಾರವಲ್ಲ. ಅಲ್ಲಿಯ ಡಾಕ್ಟರನ್ನು ಕೇಳದೆ ನಾನು ಏನನ್ನೂ ಕೊಡಲಾರೆ. ಹಿಡಿದ ಚಿಕಿತ್ಸೆಯನ್ನು ನಡುವೆ ಬಿಡಬೇಡ."

ಆ ಮಾತು ಎಷ್ಟು ಯುಕ್ತವಾದುದೆಂಬುದು ಶರೀರಶಾಸ್ತ್ರವನ್ನು ಓದಿದಾಗ ನನಗೆ ಮನದಟ್ಟಾಯಿತು. ಸಣ್ಣಕರುಳಿನ ಒಳಪದರ ಮೂರರಿಂದ ಐದು ದಿನಗಳೊಳಗೆ ಹೊಸದಾಗುತ್ತಿರುತ್ತದೆ. ಅದಕ್ಕಾಗಿ ಪದರದ ತಗ್ಗುಗಳಲ್ಲಿರುವ ಜೀವಕೋಶಗಳು ಎಡೆಬಿಡದೆ ಒಡೆದು ಹೆಚ್ಚುತ್ತವೆ. ವಿಕಿರಣವು ಹೀಗೆ ಶೀಘ್ರವಾಗಿ ಹೆಚ್ಚುವ ಕೋಶಗಳನ್ನೇ ಹೆಚ್ಚಾಗಿ ಕೊಲ್ಲುತ್ತದೆ. ಅರ್ಬುದ ಅದಕ್ಕೆ ಬಲಿಯಾಗುವುದೂ, ಕರುಳು ನೋಯುವುದೂ ಈ ಒಂದೇ ಕಾರಣದಿಂದ. ಉದುರಿದ ಪದರದ ಜಾಗಕ್ಕೆ ಹೊಸದು ಬಾರದಿರುವುದರಿಂದ ನೀರೂ ಆಹಾರವೂ ಹೀರಲ್ಪಡದೆ ಹೊರಬೀಳುತ್ತವೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಈ ಭೇದಿ ಬಹುಮಟ್ಟಿಗೆ ತಾನೇ ಶಮನವಾಗುತ್ತದೆ. ಆದರೆ ಈ ರೋಗದಲ್ಲಿ ಕಿರಣ ಚಿಕಿತ್ಸೆಯೆಲ್ಲವೂ ಎಂಟು ವಾರಗಳೊಳಗೆ ಪೂರೈಸಬೇಕೆಂಬುದು ವೈದ್ಯರ ನಿಯಮ. ನಡುವೆ ಬಿಟ್ಟಷ್ಟೂ ಅರ್ಬುದಕ್ಕೆ ಮತ್ತೆ ಬೆಳೆಯಲು ಅವಕಾಶ. ಭೇದಿಯ ಭಯದಿಂದ ಕಿರಣವನ್ನು ತೊರೆಯುವುದೆಂದರೆ ಪ್ರಾಣವನ್ನೇ ಪಣಕ್ಕಿಟ್ಟಂತೆ. ಅಕ್ಕ ಉಳಿದ ದಿನಗಳನ್ನು ಪೂರೈಸಿದಳು. ವೈದ್ಯರ ಅನುಮತಿಯಂತೆ ಭೇದಿ ನಿಲ್ಲುವ ಗುಳಿಗೆ, ಉಪ್ಪುಸಕ್ಕರೆಯ ನೀರು, ಮೆತ್ತಗಿನ ಗಂಜಿ, ನೀರುಮಜ್ಜಿಗೆ ಇವೇ ಅವಳ ಪಥ್ಯವಾದವು. ಹಾಲನ್ನು ಮಾತ್ರ ಬಿಡಿಸಿದ್ದರು, ನೊಂದ ಕರುಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿಯೆಂದು ಹಲವರು ಹಲವು ಲೇಹ್ಯಗಳನ್ನು ಸೂಚಿಸಿದರು. ಪಂಡಿತರು ಈ ಸಲವೂ ಔಷಧ ಕೊಡದೆ ಆಸ್ಪತ್ರೆಗೇ ಕಳುಹಿಸಿದರು. ಕೊಳವೆಯಿಟ್ಟು ಪರೀಕ್ಷಿಸಿದಾಗ ಅದು ಕಿರಣದ ತಡವಾದ ಫಲವೆಂದು ತಿಳಿಯಿತು. ಕಿರಣ ತಗುಲಿದ ಸಣ್ಣ ರಕ್ತನಾಳಗಳು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ಮುಚ್ಚುತ್ತ ಬರುತ್ತವೆ. ಅಲ್ಲಿ ಹೊಸದಾಗಿ ಹುಟ್ಟುವ ನಾಳಗಳು ಬಲು ನಾಜೂಕು, ಮುಟ್ಟಿದರೆ ಒಸರುತ್ತವೆ. ಇದಕ್ಕೆ ಸುಕ್ರಾಲ್ಫೇಟ್ ಎಂಬ ಔಷಧವನ್ನು ಗುದದ್ವಾರದಿಂದ ಏರಿಸುವ ಕ್ರಮವನ್ನು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ರಾಕೇಶ್ ಕೊಚ್ಚರ್ ಮತ್ತು ಸಂಗಡಿಗರು ೩೭ ರೋಗಿಗಳಲ್ಲಿ ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದ್ದರು. ಅಕ್ಕನಿಗೂ ಅದನ್ನೇ ಕೊಟ್ಟರು. ಕೆಲವು ವಾರಗಳಲ್ಲಿ ರಕ್ತ ನಿಂತಿತು.

ಹಾಗಾದರೆ ನಮ್ಮ ಮೂಲಿಕೆಗಳಿಗೆ ಇಲ್ಲಿ ಸ್ಥಾನವೇ ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಅದನ್ನು ಹುಡುಕಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿಯವರು ೧೯೯೦ರ ದಶಕದಲ್ಲಿ ತುಳಸಿಯ ಎಲೆಯ ಸಾರವನ್ನೂ, ಅದರಿಂದ ಬೇರ್ಪಡಿಸಿದ ಓರಿಯೆಂಟಿನ್ ಮತ್ತು ವಿಸೆನಿನ್ ಎಂಬ ದ್ರವ್ಯಗಳನ್ನೂ ಇಲಿಗಳಿಗೆ ಕೊಟ್ಟು, ವಿಕಿರಣದಿಂದ ಅವಕ್ಕೆ ರಕ್ಷಣೆ ದೊರೆಯುವುದನ್ನು ತೋರಿಸಿದರು. ಅಲ್ಲಿಯೇ ಗಣೇಶ ಚಂದ್ರ ಜಗೇತಿಯಾ ಮತ್ತು ಸಹೋದ್ಯೋಗಿಗಳು ಬಿಲ್ವಪತ್ರೆಯ ಸಾರವನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದರು. ಸಾರವನ್ನು ಪಡೆದ ಇಲಿಗಳಲ್ಲಿ ಕರುಳು ಕೆಟ್ಟು ಸಾಯುವುದು ಕಡಿಮೆಯಾಯಿತು, ಕರುಳಿನ ಪದರವೂ ಉತ್ತಮವಾಗಿ ಉಳಿಯಿತು. ನಿತ್ಯಪೂಜೆಗೆ ಬಿಡಿಸುವ ಪತ್ರೆಯಲ್ಲಿ ಇಂಥ ಗುಣವಿರುವುದನ್ನು ಓದಿ ನನಗೆ ಸಂತೋಷವಾಯಿತು.

ಆದರೆ ಸಂತೋಷದ ಭರದಲ್ಲಿ ಮೂರು ಅಂಶಗಳನ್ನು ಮರೆಯಲಾಗದು. ಮೊದಲನೆಯದು, ಅವು ಇಲಿಗಳು, ರೋಗಿಗಳಲ್ಲ. ಎರಡನೆಯದು, ಬಿಲ್ವದ ಸಾರವನ್ನು ಕೊಟ್ಟದ್ದು ಕಿರಣ ತಗುಲುವ ಮುಂಚೆ, ಸತತ ಐದು ದಿನ. ಆಗಲಿರುವ ಗಾಯವನ್ನು ತಡೆಯುವುದು ಬೇರೆ, ಆದ ಗಾಯವನ್ನು ಮಾಯಿಸುವುದು ಬೇರೆ. ಮೂರನೆಯದೇ ಮುಖ್ಯವಾದುದು: ಕರುಳನ್ನು ಕಾಯುವ ದ್ರವ್ಯ ಅರ್ಬುದವನ್ನೂ ಕಾಯಬಹುದಲ್ಲವೇ? ಇದು ಬರಿಯ ಶಂಕೆಯಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತಲೆ ಮತ್ತು ಕೊರಳಿನ ಕ್ಯಾನ್ಸರಿನ ೫೪೦ ರೋಗಿಗಳಿಗೆ ಕಿರಣ ಚಿಕಿತ್ಸೆಯೊಡನೆ ಇ ಜೀವಸತ್ವವನ್ನೂ ಬೀಟಾ ಕ್ಯಾರೊಟೀನನ್ನೂ ಕೊಟ್ಟು ನಡೆಸಿದ ಪರೀಕ್ಷೆ ೨೦೦೫ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಉಪದ್ರವ ಕಡಿಮೆಯಾದುದು ನಿಜ, ಆದರೆ ರೋಗ ಮರುಕಳಿಸುವುದು ಹೆಚ್ಚುವ ಸೂಚನೆಯೂ ಕಂಡಿತು. ಕಿರಣ ನಡೆಯುತ್ತಿರುವಾಗ ಯಾರಿಗೂ ತಿಳಿಸದೆ ಕಷಾಯ ಕುಡಿಯುವುದು ಏಕೆ ತರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರು ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡಿದ್ದರು. ಕಾಯಕಕ್ಕೆ ಸತ್ಯಶುದ್ಧತೆ ಬೇಕಾದರೆ ವೈದ್ಯನ ಸತ್ಯಶುದ್ಧತೆ ಯಾವುದು? ತನಗೆ ತಿಳಿದಷ್ಟಕ್ಕೆ ಔಷಧ ಕೊಟ್ಟು, ತಿಳಿಯದ ಕಡೆ ಕೈ ಹಿಂತೆಗೆಯುವುದೇ ಎಂದು ನಮ್ಮ ಪಂಡಿತರನ್ನು ನೋಡಿ ನಾನು ಅರಿತೆ. ಅವರು ಎರಡು ಸಲ ಔಷಧ ನಿರಾಕರಿಸಿದರು. ಆ ನಿರಾಕರಣೆಯೇ ನಮ್ಮ ಮನೆಗೆ ಉಪಕಾರವಾಯಿತು.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಮನೆಯವರಾರಿಗಾದರೂ ಕಿರಣ ಚಿಕಿತ್ಸೆ ನಡೆಯುತ್ತಿದ್ದರೆ ಭೇದಿಗೆ ಹೆದರಿ ನಡುವೆ ಬಿಡಿಸಬೇಡಿರಿ, ಮೊದಲ ದಿನವೇ ವೈದ್ಯರಿಗೆ ತಿಳಿಸಿರಿ. ಸೇವಿಸುವ ಬೇರು, ತೊಗಟೆ, ಚೂರ್ಣ ಯಾವುದನ್ನೂ ಅವರಿಂದ ಮರೆಮಾಚಬೇಡಿರಿ. ನೊಂದ ಕರುಳಿಗೆ ವಿರೇಚನದ ಔಷಧ ಬೇಡ. ಚಿಕಿತ್ಸೆ ಮುಗಿದು ವರ್ಷಗಳೇ ಕಳೆದಿದ್ದರೂ ರಕ್ತ ಕಂಡರೆ, ಮೂಲವ್ಯಾಧಿಯೆಂದು ಮನೆಯಲ್ಲಿಯೇ ನಿರ್ಣಯಿಸದೆ ಪರೀಕ್ಷೆ ಮಾಡಿಸಿರಿ. ಹಿಂದೆ ಕಿರಣ ಪಡೆದುದನ್ನು ಹೇಳಲು ಮರೆಯದಿರಿ. ವೈದ್ಯರು ಸಮ್ಮತಿಸಿದ ಮೇಲೆ ತಂಬುಳಿಯ ಬಟ್ಟಲು ಎಲೆಯ ಬದಿಗೆ ಬರಲಿ. ಅಕ್ಕನ ಎಲೆಗೆ ಅದು ಈಗ ಪ್ರತಿ ಸೋಮವಾರವೂ ಬರುತ್ತಿದೆ.